ದೊಡ್ಡ ಮಾಸ್ತರರ ಜೋಕಾಲಿ ಹಾಡು

ನನ್ನ ಇಯರ್‌ಫೋನಿನ ಬಲಗಡೆಯದು ಕೆಟ್ಟು ಎರಡು ವರ್ಷವಾಗುತ್ತ ಬಂತು. ಹೊಸದು ತಗೊಳ್ಳಬಾರದೇನ್ರೀ ಎಂದು ನೀವು ಕೇಳಬಹುದು. ಮನೆಯಲ್ಲಿ ನನ್ನ ಹೆಂಡತಿ ಸುಜಾತಾ ದಿನಾ ಕೇಳುತ್ತಾಳೆ. ಆದರೆ ಬೆಳಿಗ್ಗೆ ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಕೂರುವುದು ಆಗದ ಮಾತು. ಪಕ್ಕದಲ್ಲಿ ಕೂತವರು ಭತ್ತದ ಸುದ್ದಿ ತೆಗೆಯುತ್ತಾರೆ, ಬಸುರಿ ಮಗಳ ಕುಬಸದ ಸುದ್ದಿ ತೆಗೆಯುತ್ತಾರೆ. ಹೂಂ ಅನ್ನದಿದ್ದರೆ 'ಕಾಲೇಜಿನ್ಯಾಗ ಪಾಠ ಹೇಳತಾನಂತ, ಎಷ್ಟು ಸೊಕ್ಕು ನೋಡ್ರಿ' ಎಂದು ನನಗೆ ಕೇಳುವ ಹಾಗೆಯೇ ಆಡಿಕೊಳ್ಳುತ್ತಾರೆ. ಹಾಗಾಗಿ ಬಲಗಿವಿ ಬಸ್ಸಿಗೆ, ಎಡಗಿವಿ ದೊಡ್ಡ ಮಾಸ್ತರರಿಗೆ ಎಂದು ಪಾಲು ಮಾಡಿಬಿಟ್ಟಿದ್ದೇನೆ. ಇದರಿಂದ ಒಂದು ತೊಂದರೆ ಆಗಿದೆ. ಹಳೆಯ ಹಾಡುಗಳಲ್ಲಿ ಪಿಟೀಲುಗಳನ್ನೆಲ್ಲ ಎಡಕ್ಕೆ ಕೂರಿಸಿ ಹಾಡುವವರನ್ನು ಬಲಕ್ಕೆ ನಿಲ್ಲಿಸಿದ್ದಾರೋ ಏನೋ, ಎರಡು ವರ್ಷದಿಂದ ನನಗೆ ಎಷ್ಟೋ ಹಾಡುಗಳಲ್ಲಿ ಗಾಯಕರೇ ಸರಿಯಾಗಿ ಸಿಕ್ಕಿಲ್ಲ.

ದೊಡ್ಡ ಮಾಸ್ತರ್ ಅಂದರೆ ಸಿನಿಮಾ ಸಂಗೀತ ನಿರ್ದೇಶಕರು. ಹೆಸರು ಹೇಳುವುದಿಲ್ಲ. ನಮ್ಮಪ್ಪ ಯಾವತ್ತೂ ಅವರ ಹೆಸರು ಹಿಡಿದು ಮಾತಾಡಿದವನಲ್ಲ, ನನಗೂ ಬಾಯಿ ಬರುವುದಿಲ್ಲ. ಅಪ್ಪ ದೇವದುರ್ಗದ ಒಂದು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಅವನನ್ನೂ ಜನ ಮಾಸ್ತರ್ ಅನ್ನುತ್ತಿದ್ದರು. ಆದ್ದರಿಂದ ಮದ್ರಾಸಿನಲ್ಲಿ ಕೂತು ಹಾಡು ಕಟ್ಟುವವರು ದೊಡ್ಡ ಮಾಸ್ತರ್, ದೇವದುರ್ಗದಲ್ಲಿ ಅದನ್ನು ಊದುವವನು ಸಣ್ಣ ಮಾಸ್ತರ್ ಎಂದು ಅಪ್ಪನೇ ತೀರ್ಮಾನ ಮಾಡಿಕೊಂಡಿದ್ದ.

ದೊಡ್ಡ ಮಾಸ್ತರರ ಸಂದರ್ಶನ ಒಂದನ್ನೂ ನಾನು ಬಿಟ್ಟಿಲ್ಲ. ಟೀವಿಯವರು ಮಾಡಿದ್ದು, ಫೋನಿನಲ್ಲಿ ಬರುವ ಹುಡುಗರು ಮಾಡಿದ್ದು, ವಿಮಾನ ನಿಲ್ದಾಣದಲ್ಲಿ ಅವರು ಚಹಾ ಕುಡಿಯುವಾಗ ಯಾರೋ ಕದ್ದು ಹಿಡಿದದ್ದು, ಎಲ್ಲ ನೋಡಿದ್ದೇನೆ. ನಾನು ಪಾಠ ಹೇಳುವುದು ಇತಿಹಾಸ. ಆ ಚಾಳಿ ಇಲ್ಲೂ ಬಿಡಲಿಲ್ಲ. ಅವರಿಗೆ ಮೊದಲ ಹಾರ್ಮೋನಿಯಂ ಸಿಕ್ಕ ಕಥೆ ಇದೆಯಲ್ಲ, ಅದನ್ನು ಒಂದು ಸಂದರ್ಶನದಲ್ಲಿ ಏಳನೆಯ ವಯಸ್ಸಿನಲ್ಲಿ ಎಂದರು, ಇನ್ನೊಂದರಲ್ಲಿ ಹನ್ನೊಂದು ಎಂದರು. ಕೊಟ್ಟವರು ಒಮ್ಮೆ ಪಕ್ಕದ ಮನೆಯ ಅಜ್ಜಿ, ಒಮ್ಮೆ ಶಾಲೆಯ ಮಾಸ್ತರು. ಮೂರನೆಯ ಸಂದರ್ಶನದಲ್ಲಿ, ಯಾರೂ ಕೊಡಲಿಲ್ಲ, ನಾನೇ ಕದ್ದೆ ಎಂದು ನಕ್ಕುಬಿಟ್ಟರು. ಇದೇ ನಿಜ ಎಂದು ನಾನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಹೀಗೆ ಬರೆದುಕೊಳ್ಳಲು ನನಗೆ ಯಾರೂ ಹೇಳಿರಲಿಲ್ಲ, ಅದರಿಂದ ಯಾರಿಗೂ ಉಪಯೋಗವೂ ಇರಲಿಲ್ಲ.

ಸಾಕ್ಷ್ಯಚಿತ್ರಗಳದು ಇನ್ನೊಂದು ಕಥೆ. ದೊಡ್ಡವರ ಮೇಲೆ ಸಾಕ್ಷ್ಯಚಿತ್ರ ಮಾಡುವವರು ಅವರನ್ನು ಒಮ್ಮೆಯಾದರೂ ಸಮುದ್ರದ ದಂಡೆಯಲ್ಲಿ ನಡೆಸದೆ ಬಿಡುವುದಿಲ್ಲ. ಬಿಳಿ ಪೈಜಾಮ, ಬರಿಗಾಲು, ಬೆನ್ನು ಮಾತ್ರ ನಮ್ಮ ಕಡೆ. ಮೊದಲ ಸಾಕ್ಷ್ಯಚಿತ್ರದಲ್ಲಿ ದೊಡ್ಡ ಮಾಸ್ತರರು ಬಿರಬಿರನೆ ನಡೆದರು. ಎರಡನೆಯದರಲ್ಲಿ ಮೆಲ್ಲಗೆ ನಡೆದರು. ಕೊನೆಯದರಲ್ಲಿ ಗಾಲಿಕುರ್ಚಿ ಉಸುಕಿನಲ್ಲಿ ಹೂತುಕೊಂಡು ಇಬ್ಬರು ನೂಕುತ್ತಿದ್ದರು. ಒಬ್ಬ ಮನುಷ್ಯ ಮುದುಕನಾಗುವುದನ್ನು ನಾನು ಮಾನ್ವಿ ಬಸ್ಸಿನಲ್ಲಿ ಕೂತು ಹೀಗೆ ಒಂದೊಂದೇ ನೋಡಿದೆ. ಗಾಲಿಕುರ್ಚಿ ನೋಡಿದ ದಿನ ತರಗತಿಯಲ್ಲಿ ಸುಮ್ಮಸುಮ್ಮನೆ ಹುಡುಗರ ಮೇಲೆ ರೇಗಿದೆ.

"ಊಟದಾಗೂ ಅವರನ್ನ ಕರ್ಕೊಂಡು ಕುಂದರ್ತೀರಲ್ಲ, ಅವರಿಗೂ ಒಂದು ತಾಟು ಇಡ್ಲೇನು?" ಎಂದು ಸುಜಾತಾ ಒಂದು ದಿನ ಕೇಳಿದಳು.

"ಇಡು, ಅವರಿಗೆ ಮೊಸರನ್ನ ಅಂದ್ರ ಭಾಳ ಇಷ್ಟ," ಎಂದೆ.

"ಮನ್ಯಾಗಿದ್ದೋರಿಗೆ ಏನು ಇಷ್ಟ ಅಂತ ಗೊತ್ತದೇನು ನಿಮಗ?" ಎಂದಳು. ನಾನು ರೊಟ್ಟಿ ಮುರಿದೆ.

ಇಷ್ಟೆಲ್ಲ ನೋಡಿದ್ದು ಸಂಗೀತದ ಮೇಲಿನ ಪ್ರೀತಿಗೆ ಎಂದು ತಿಳಿಯಬೇಡಿ. ನನಗೆ ರಾಗ ತಾಳ ಗೊತ್ತಿಲ್ಲ. ನಾನು ಒಂದೇ ಒಂದು ಹಾಡಿಗಾಗಿ ಕಾಯುತ್ತಿದ್ದೆ, ಅವರು ಎಲ್ಲಾದರೂ ಆ ಹಾಡಿನ ಸುದ್ದಿ ಎತ್ತುತ್ತಾರೇನೋ ಎಂದು. ಅದೇನೂ ಅವರ ಹೆಸರಾದ ಹಾಡಲ್ಲ. ನಾಯಕಿ ಮಾವಿನ ತೋಪಿನಲ್ಲಿ ಜೋಕಾಲಿ ಆಡುತ್ತಾಳೆ, ನಾಯಕ ಹಿಂದಿನಿಂದ ತೂಗುತ್ತಾನೆ, ಅಷ್ಟೇ. ಪಕ್ಕಾ ಪ್ರೇಮದ ಹಾಡು. ನಮ್ಮ ಓಣಿಯಲ್ಲಿ ಮಾತ್ರ ಅದಕ್ಕೆ ಬೇರೆ ಕೆಲಸ ಇತ್ತು. ದೇವದುರ್ಗದಿಂದ ಮಸರಕಲ್ ತನಕ ಯಾರೇ ಸತ್ತರೂ ಆ ಜೋಕಾಲಿ ಹಾಡು ಬಾರಿಸಿಯೇ ಹೆಣ ಎತ್ತುತ್ತಿದ್ದರು.

ನಗಬೇಡಿ, ಹೇಳುತ್ತೇನೆ. ಬ್ಯಾಂಡಿನವರು ಆಗ ಹಾಡು ಕಲಿಯುತ್ತಿದ್ದದ್ದು ಕ್ಯಾಸೆಟ್ಟಿನಿಂದ. ಸಿನಿಮಾ ಊರಿಗೆ ಬರುವುದಕ್ಕೆ ತಿಂಗಳುಗಟ್ಟಲೆ ಮುಂಚೆ ಹಾಡು ಬರುತ್ತಿತ್ತು. ಅಪ್ಪ ರಾಯಚೂರಿಗೆ ಹೋಗಿ ಹೊಸ ಹಾಡುಗಳನ್ನೆಲ್ಲ ಒಂದು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬರುತ್ತಿದ್ದ. ಕಂಪನಿಯ ಕೋಣೆಯಲ್ಲಿ ಟೇಪ್‌ರೆಕಾರ್ಡರ್ ನಡುವೆ ಇಟ್ಟುಕೊಂಡು ಎಲ್ಲರೂ ಸುತ್ತ ಕೂರುತ್ತಿದ್ದರು. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಸೆಲ್ಲು. ಆ ವರ್ಷ ಸೆಲ್ಲು ಹಳೆಯವು. ಬಿಸಿಲಿಗಿಟ್ಟು ಕಾಯಿಸಿ, ಹಲ್ಲಿನಿಂದ ಕಚ್ಚಿ, ಮತ್ತೆ ಹಾಕಿದ್ದರು. ಶಕ್ತಿ ಇಲ್ಲದ ಸೆಲ್ಲಿಗೆ ಟೇಪು ಎಳೆದೆಳೆದು ಸುತ್ತಿತು. ಮಾತು ಪಾಕದ ಹಾಗೆ ಉದ್ದುದ್ದ ಎಳೆದು ಒಂದೂ ತಿಳಿಯದಾಯಿತು. ನಾಯಕಿಯ ದನಿ ದಪ್ಪಗಾಗಿ ಗಂಡಸಿನ ದನಿ ಆಯಿತು.

ಅಪ್ಪ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದನಂತೆ. ಆಮೇಲೆ, "ಇಬ್ಬರು ಗಂಡಸರು ಅದಾರ. ಯಾರೋ ತೀರಿಕೊಂಡಾರ, ಅದಕ್ಕ ಅಳಾಕತ್ತಾರ. ದೊಡ್ಡ ಮಾಸ್ತರ ಏನು ಕಟ್ಟ್ಯಾನಲೇ ಯಪ್ಪಾ!" ಎಂದನಂತೆ. ಡೋಲು ಬಾರಿಸುವ ಹುಸೇನಪ್ಪ ಅವನ ಜೀವದ ಗೆಳೆಯ. ಅವನು ಆ ಎಳೆತಕ್ಕೆ ತಕ್ಕ ಹಾಗೆ ಡೋಲನ್ನು ತಡೆತಡೆದು ಹೊಡೆದು ತೋರಿಸಿದ. ಅದೇ ವಾರ ಓಣಿಯ ಒಬ್ಬ ಅಜ್ಜಿ ಸತ್ತಳು. ಹೆಣದ ಮುಂದೆ ಬ್ಯಾಂಡು ಬಾರಿಸುವುದು ನಮ್ಮ ಕಡೆ ಇದ್ದದ್ದೇ, ಬಡವರೂ ಬಿಡುವುದಿಲ್ಲ. ಅಪ್ಪ ಹೊಸ ದುಃಖದ ಹಾಡು ಊದಿದ. ಅಜ್ಜಿಯ ಸೊಸೆಯಂದಿರು, ಯಾರಿಗೆ ಅವಳು ಸತ್ತರೆ ಸಾಕಾಗಿತ್ತೋ ಅವರೇ, ನೆಲಕ್ಕೆ ಬಿದ್ದು ಅತ್ತರಂತೆ. ಆಮೇಲೆ ಸುತ್ತಲ ಊರವರೆಲ್ಲ ಅದೇ ಬೇಕು ಎಂದರು.

ಸಿನಿಮಾ ದೇವದುರ್ಗಕ್ಕೆ ಬಂದಾಗ ಓಣಿಗೆ ಓಣಿಯೇ ಹೋಯಿತು. ನಾನು ಅವ್ವನ ತೊಡೆಯ ಮೇಲೆ ಕೂತಿದ್ದೆ. ಜೋಕಾಲಿ ಬಂತು, ನಾಯಕಿ ಕಿಲಕಿಲ ನಕ್ಕಳು, ಹಾಡು ಕುದುರೆ ಓಡಿದ ಹಾಗೆ ಓಡಿತು. ಆದರೂ ಟಾಕೀಸಿನಲ್ಲಿ ಕೂತ ನಮ್ಮವರಿಗೆಲ್ಲ ರಾಗ ಗುರುತು ಸಿಕ್ಕಿತ್ತು. ಹಿಂದೆ ಒಬ್ಬ ಹೆಣ್ಣುಮಗಳು ಬಿಕ್ಕಿ ಅಳಲು ಶುರು ಮಾಡಿದಳು. ಗಂಡನನ್ನು ಇದೇ ಹಾಡಿನ ಮೇಲೆ ಮಣ್ಣಿಗೆ ಕಳಿಸಿ ಎರಡು ತಿಂಗಳೂ ಆಗಿರಲಿಲ್ಲ. ಆಗ ಹುಸೇನಪ್ಪ ಬೆಂಚಿನ ಮೇಲೆ ಎದ್ದು ನಿಂತು, "ಏ ಆಪರೇಟರ್! ರೀಲು ಯಾಕ ಹಂಗ ಓಡಸಾಕತ್ತೀಲೇ? ನೆಟ್ಟಗ ನಡಸಲೇ!" ಎಂದು ಕೂಗಿದ. ಅಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ತಪ್ಪು ಎಲ್ಲಿ ಆಯಿತೆಂದು ತಿಳಿದುಹೋಗಿತ್ತು.

ಹೊಸ ಸೆಲ್ಲು ಹಾಕಿ ಮತ್ತೆ ಕಲಿಯೋಣ ಎಂದು ಹುಡುಗರು ಅಂದದ್ದಕ್ಕೆ ಅವನು ಒಪ್ಪಲಿಲ್ಲ. "ಇನ್ನ ತಿದ್ದಾಕ ಬರಂಗಿಲ್ಲ," ಎಂದ. "ಹತ್ತು ಮಂದಿನ ಇದರ ಮ್ಯಾಲೆ ಕಳಿಸಿ ಆಗ್ಯಾದ. ಈಗ ಇದು ಅವರದು."

ಅಲ್ಲಿಂದ ಕಂಪನಿಯಲ್ಲಿ ಒಂದು ಕಟ್ಟು ಬಿತ್ತು. ಹೆಣ ಇಲ್ಲದೆ ಆ ಹಾಡು ಬಾರಿಸುವಂತಿಲ್ಲ. ತಾಲೀಮಿಗೂ ಇಲ್ಲ, ಮದುವೆಯಲ್ಲಿ ಯಾರಾದರೂ ಶ್ರೀಮಂತರು ಕೇಳಿದರೂ ಇಲ್ಲ. ಹೊಸದಾಗಿ ಸೇರಿದವರು ಅದನ್ನು ಹೆಣದ ಮುಂದೆ ನಡೆಯುತ್ತ ನಡೆಯುತ್ತಲೇ ಕಲಿಯಬೇಕು. ಮನೆಯಲ್ಲಿ ಒಂದು ಸಲ ನಾನು ಸುಮ್ಮನೆ ಗುನುಗಿದ್ದಕ್ಕೆ ಅವ್ವ ಒಲೆ ಮುಂದಿನಿಂದ ಎದ್ದು ಬಂದು ಕಪಾಳಕ್ಕೆ ಹೊಡೆದು, "ಯಾರನ್ನ ಕರೀತೀಲೇ ಮನಿಗೆ?" ಎಂದಳು. ರೇಡಿಯೋದಲ್ಲಿ ಅದು ಬಂದರೆ ಓಣಿಯ ಹೆಂಗಸರು ಓಡಿ ಹೋಗಿ ಅದರ ಕಿವಿ ತಿರುವಿ ಬಂದ್ ಮಾಡುತ್ತಿದ್ದರು. ಮುಂದೆ ನಾನು ರಾಯಚೂರಿನ ಹಾಸ್ಟೆಲ್ಲಿನಲ್ಲಿ ಓದುವಾಗ ಗೆಳೆಯರು ಒಬ್ಬನ ಹುಟ್ಟುಹಬ್ಬಕ್ಕೆ ತಾಟು ಬಡಿದು ಅದೇ ಹಾಡು ಹಾಡಿದರು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಹುಡುಗ ಈಗಲೂ ಚೆನ್ನಾಗಿದ್ದಾನೆ, ನನಗಿಂತ ಚೆನ್ನಾಗಿಯೇ ಇದ್ದಾನೆ. ಆದರೆ ಅವತ್ತು ಹಾಡು ಮುಗಿಯುವ ತನಕ ನಾನು ಹೊರಗೆ ಬರಲಿಲ್ಲ.

ಇಲ್ಲಿಯವರೆಗೆ ಹೇಳುವುದು ಸುಲಭ. ಇನ್ನು ಮುಂದಿನದನ್ನು ಹೇಳದೆ ಪ್ರಬಂಧ ಮುಗಿಸಿಬಿಡೋಣ ಎಂದು ಎರಡು ದಿನ ನೋಡಿದೆ. ಆಗಲಿಲ್ಲ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಬೇಸಿಗೆ. ಸುದ್ದಿ ಕೇಳಿ ನಾವು ದೇವದುರ್ಗ ಮುಟ್ಟುವ ಹೊತ್ತಿಗೆ ಹುಸೇನಪ್ಪ ಕಾಕಾ ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡು ಡೋಲು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ. ಹಳೆಯ ಕಂಪನಿಯ ಇನ್ನಿಬ್ಬರು ಹಿಂದೆ ಇದ್ದರು. ಒಬ್ಬನ ಕೈಯಲ್ಲಿ, ಮಾನ್ವಿಯಿಂದ ಯಾರನ್ನೋ ಕೇಳಿ ತಂದ, ಕ್ಲಾರಿನೆಟ್ ಇತ್ತು. ಅಪ್ಪನಿಗೆ ಊದಲು ಅಪ್ಪನ ಕೈಕೆಳಗೆ ಕಲಿತವನೇ ಬಂದಿದ್ದ.

"ಕಾಕಾ, ಬ್ಯಾಂಡು ಬ್ಯಾಡ," ಎಂದೆ.

"ಯಾಕೋ?"

"ನಾವೀಗ ಬುದ್ಧ ವಂದನಾ ಮಾಡಿ ಸುಮ್ಮನ ಒಯ್ಯೋರು. ಗದ್ದಲ ಬ್ಯಾಡ."

ಅವನು ನನ್ನನ್ನೇ ನೋಡಿದ. "ಅಮರೇಶಾ, ಮಾಸ್ತರನ್ನ ಸಪ್ಪಗ ಒಯ್ತೀಯೇನೋ? ಊರಾಗಿನ ಹೆಣ ಎಲ್ಲಾ ಅವನೇ ಕಳಿಸ್ಯಾನ."

ನಾನು ತಲೆ ಅಲ್ಲಾಡಿಸಿದೆ. ಬುದ್ಧ ಬ್ಯಾಂಡು ಬೇಡ ಎಂದಿರಲಿಲ್ಲ. ನಮ್ಮ ಓಣಿ ಬುದ್ಧನ ಹಾದಿ ಹಿಡಿದ ಮೇಲೂ ವಂದನೆ ಮಾಡಿ, ಮೇಣದ ಬತ್ತಿ ಹಚ್ಚಿ, ಆಮೇಲೆ ಬ್ಯಾಂಡು ಬಾರಿಸಿಕೊಂಡು ಹೋದ ಮನೆಗಳು ಎಷ್ಟೋ ಇವೆ. ಆದರೆ ಮಾನ್ವಿಯಿಂದ ನಮ್ಮ ಪ್ರಿನ್ಸಿಪಾಲರು, ಸಹೋದ್ಯೋಗಿಗಳು ಕಾರಿನಲ್ಲಿ ಬರುವವರಿದ್ದರು. ಅವರಿಗೆಲ್ಲ ನಾನು ಹದಿನೈದು ವರ್ಷದಿಂದ, ನಮ್ಮ ತಂದೆಯವರದು ಸಣ್ಣ ವ್ಯಾಪಾರ ಎಂದು ಹೇಳಿಕೊಂಡು ಬಂದಿದ್ದೆ. ಏನು ವ್ಯಾಪಾರ ಎಂದು ಯಾರೂ ಕೇಳಿರಲಿಲ್ಲ. ಕೆಂಪು ಕೋಟಿನವರು ಸಿನಿಮಾ ಹಾಡು ಬಾರಿಸುತ್ತ ಮುಂದೆ ನಡೆದರೆ ಅವರೆಲ್ಲ ಏನು ತಿಳಿದಾರು ಎಂಬುದೇ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿತ್ತು. ಸತ್ತ ಅಪ್ಪ ಒಳಗೆ ಮಲಗಿದ್ದ, ನನಗೆ ಪ್ರಿನ್ಸಿಪಾಲರ ಚಿಂತೆ. ಬುದ್ಧನ ಹೆಸರು ಹೇಳಿ ನನ್ನ ನಾಚಿಕೆ ಮುಚ್ಚಿಕೊಂಡೆ.

ಹುಸೇನಪ್ಪ ಕಾಕಾ ಡೋಲನ್ನು ನಮ್ಮ ಕಟ್ಟೆಯ ಮೇಲೆ ಇಟ್ಟ. ಕೋಟು ಬಿಚ್ಚಿ ಮಡಚಿ ಅದರ ಮೇಲಿಟ್ಟ. ಬರೀ ಬನಿಯನ್ನಿನಲ್ಲಿ, ಖಾಲಿ ಕೈ ಬೀಸುತ್ತ, ಹಳ್ಳದ ದಂಡೆಯ ಮಸಣದ ತನಕ ಎಲ್ಲರ ಹಿಂದೆ ಬಂದ. ಮಣ್ಣು ಹಾಕಿ ಹೋದವನು ನನ್ನ ಜೊತೆ ಮಾತು ಬಿಟ್ಟ.

ಆಮೇಲೆಯೇ ನನಗೆ ಈ ಸಂದರ್ಶನಗಳ ಹುಚ್ಚು ಹಿಡಿದದ್ದು. ಅಪ್ಪನ ದನಿ ನನ್ನ ಬಳಿ ಇರಲಿಲ್ಲ. ಅವನು ಊದಿದ್ದನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಅವನ ದೊಡ್ಡ ಮಾಸ್ತರರು ಮಾತ್ರ ಫೋನಿನಲ್ಲಿ ಬೇಕೆಂದಾಗ ಸಿಗುತ್ತಿದ್ದರು.

ಹೋದ ವರ್ಷ ಒಂದು ಚಾನೆಲ್ಲಿನವರು ಅವರೊಂದಿಗೆ ನೇರ ಸಂದರ್ಶನ ಇಟ್ಟುಕೊಂಡರು, ಜನ ಪ್ರಶ್ನೆ ಬರೆದು ಕಳಿಸಬಹುದು ಎಂದರು. ಭಾನುವಾರದ ಮಧ್ಯಾಹ್ನ. ಸುಮ್ಮನಿರಲಾರದೆ ನಾನೂ ಬರೆದೆ. ಏನು ಬರೆದೆ ಗೊತ್ತೇ? ನಮ್ಮ ಕಡೆಯ ಒಂದು ತಮಾಷೆ ಎಂದು ಶುರು ಮಾಡಿ, ಒಬ್ಬ ಬ್ಯಾಂಡಿನವನು ಸೆಲ್ಲು ಹೋದ ಟೇಪಿನಲ್ಲಿ ನಿಮ್ಮ ಜೋಕಾಲಿ ಹಾಡು ಕೇಳಿ ಅದನ್ನು ಹೆಣಕ್ಕೆ ಬಾರಿಸುತ್ತಿದ್ದ ಎಂದು ಬರೆದೆ. ಒಬ್ಬ ಬ್ಯಾಂಡಿನವನು! ನಮ್ಮಪ್ಪ ಎಂದು ಅಲ್ಲೂ ಬರೆಯಲಿಲ್ಲ.

ನಿರೂಪಕಿ ಅದನ್ನೇ ಎತ್ತಿಕೊಂಡು ಓದಿದಳು. ಓದುತ್ತ ಓದುತ್ತ ನಗು ತಡೆಯಲಾರದೆ, "ಸರ್, ನಿಮ್ಮ ಡ್ಯುಯೆಟ್ಟಿಗೆ ಎಂಥ ಗತಿ ಬಂತು ನೋಡಿ!" ಎಂದಳು. ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ದೊಡ್ಡ ಮಾಸ್ತರರು ನಗಲಿಲ್ಲ. ಕುರ್ಚಿಯ ಹಿಡಿಕೆಯ ಮೇಲೆ ಬೆರಳಿನಿಂದ ಏನೋ ತಾಳ ಹಾಕಿದರು. ನಿಲ್ಲಿಸಿದರು. ಮತ್ತೆ ಇನ್ನೂ ನಿಧಾನಕ್ಕೆ ಹಾಕಿದರು.

"ಎಷ್ಟು ನಿಧಾನ?" ಎಂದು ಕೇಳಿದರು.

ನಿರೂಪಕಿ ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ನೋಡಿದಳು.

"ಆ ಹಾಡನ್ನು ನಾನು ಒಂದು ಗಂಟೆಯಲ್ಲಿ ಮುಗಿಸಿ ಕೊಟ್ಟೆ. ನಿರ್ಮಾಪಕರಿಗೆ ಊಟಕ್ಕೆ ಹೊತ್ತಾಗಿತ್ತು," ಎಂದರು. "ಇಷ್ಟು ವರ್ಷ ಅದರ ಬಗ್ಗೆ ನನ್ನನ್ನು ಯಾರೂ ಏನೂ ಕೇಳಿಲ್ಲ. ನನ್ನ ಹಾಡನ್ನು ಮದುವೆಯಲ್ಲಿ ಕೇಳಿದ್ದೇನೆ, ಚುನಾವಣೆಯಲ್ಲಿ ಕೇಳಿದ್ದೇನೆ. ಸತ್ತವರ ಮುಂದೆ ಕೇಳಿಲ್ಲ. ಆ ಬ್ಯಾಂಡಿನವರು ಹೇಗೆ ನುಡಿಸಿದರೋ ಹಾಗೆಯೇ ನನಗೆ ಒಮ್ಮೆ ಕೇಳಿಸಬಹುದಾ? ಬೇಗ ಕಳಿಸಲಿ. ನನ್ನ ಹತ್ತಿರ ಹೊತ್ತಿಲ್ಲ."

"ರಾಯಚೂರಿನ ಅಮರೇಶ್ ಅವರೇ, ಕೇಳಿಸಿಕೊಂಡಿರಾ? ರೆಕಾರ್ಡ್ ಮಾಡಿ ಕಳಿಸಿ!" ಎಂದಳು ನಿರೂಪಕಿ.

ಸುಜಾತಾ ನನ್ನ ಪಕ್ಕ ಕೂತಿದ್ದಳು. ಅವಳು ಫೋನು ನೋಡಲಿಲ್ಲ, ನನ್ನ ಮುಖ ನೋಡಿದಳು. "ಮಾವನ ಹಾಡು ಅದು," ಎಂದಳು. "ಅವತ್ತು ಬಾರಸಾಕ ಬಂದಿದ್ರು. ಈಗ ಎಲ್ಲಿಂದ ತರ್ತೀರಿ?"

ಮರುದಿನ ಸ್ಟಾಫ್‌ರೂಮಿನಲ್ಲಿ ನಾನೇ ದೊಡ್ಡ ಮನುಷ್ಯ. ಪ್ರಿನ್ಸಿಪಾಲರು ಬೆನ್ನು ತಟ್ಟಿ, "ಭಾರಿ ಕಥಿ ಹೇಳಿದ್ರಿ ಬಿಡ್ರಿ, ಯಾರ್ರೀ ಅವ ಬ್ಯಾಂಡಿನವ?" ಎಂದು ಕೇಳಿದರು. "ಯಾರೋ ನಮ್ಮ ಓಣಿಯವ," ಎಂದೆ. ಆ ಮಾತು ಬಾಯಿಂದ ಬಿದ್ದ ಮೇಲೆ, ಗಂಟೆ ಹೊಡೆಯುವ ಮೊದಲೇ ತರಗತಿಗೆ ಹೊರಟೆ.

ಮುಂದಿನ ಭಾನುವಾರ ದೇವದುರ್ಗಕ್ಕೆ ಹೋದೆ. ಹುಸೇನಪ್ಪ ಕಾಕಾ ಮನೆಯ ಮುಂದೆ ಬೇವಿನ ನೆರಳಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ನನ್ನನ್ನು ನೋಡಿಯೂ ಎದ್ದೇಳಲಿಲ್ಲ. ನಾನು ಎದುರಿಗೆ ನೆಲದ ಮೇಲೆ ಕೂತು ಫೋನಿನಲ್ಲಿ ಆ ತುಣುಕನ್ನು ಹಾಕಿ ಅವನ ಕಿವಿಯ ಹತ್ತಿರ ಹಿಡಿದೆ. ಅವನು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ.

"ದೊಡ್ಡ ಮಾಸ್ತರ ಕೇಳ್ಯಾನ?" ಎಂದ.

"ಹೂಂ ಕಾಕಾ. ನೀ ಡೋಲು ಬಾರ್ಸು, ಮಾನ್ಯಾಗ ಕ್ಲಾರಿನೆಟ್ ಊದಾಕ ಹೇಳೋಣು. ಐದು ನಿಮಿಷ ಸಾಕು. ಇಲ್ಲೇ ಗಿಡದ ಕೆಳಗ ಹಿಡ್ಕೋತೀನಿ." ಮಾನ್ಯಾ ಎಂದರೆ ಅಪ್ಪನ ಕೈಕೆಳಗೆ ಕಲಿತಿದ್ದವನು.

"ಮಾನ್ಯಾ ಹೋದ ದೀಪಾವಳಿಗೆ ಹೋದ."

"ಎಲ್ಲಿಗೆ?" ಎಂದು ಕೇಳಿ, ಕೇಳಿದ ಮೇಲೆ ತಿಳಿಯಿತು.

"ಅವನ ಮುಂದ ಡೀಜೆ ಹಚ್ಚಿದ್ರು," ಎಂದ ಕಾಕಾ. "ಈಗ ಹೆಣಕ್ಕೂ ಡೀಜೆನೇ. ನಮ್ಮನ್ನ ಯಾರು ಕರೀತಾರ?"

"ಹಂಗಾದ್ರ ನೀನೊಬ್ಬನೇ ಡೋಲು ಬಾರ್ಸು. ಅಷ್ಟರ ಕಳಿಸ್ತೀನಿ."

ಅವನು ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟ. "ಹೆಣ ಇಲ್ದ ಬಾರ್ಸಂಗಿಲ್ಲ ಅದನ್ನ. ನಿನಗ ಗೊತ್ತಿಲ್ಲೇನು? ನಿಮ್ಮಪ್ಪನೇ ಹಾಕಿದ ಕಟ್ಟು ಅದು."

"ದೊಡ್ಡ ಮಾಸ್ತರು ಕೇಳಾಕತ್ತಾರ ಕಾಕಾ. ಅವರದೇ ಹಾಡು."

"ಬಾರ್ಸೋ ದಿನ ಬಾಗಲಿಗೆ ಬಂದು ನಿಂತಿದ್ದೆ. ಬ್ಯಾಡ ಅಂದಿ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಮತ್ತೆ ಶೇಂಗಾ ಸುಲಿಯತೊಡಗಿದ. ಒಂದು ಹಿಡಿ ಕಾಳು ನನ್ನ ಕೈಗೆ ಹಾಕಿ, ತಿನ್ನು ಎಂದ. ನಾನು ತಿಂದೆ. ಇನ್ನೇನು ಮಾಡಲಿ?

ಚಾನೆಲ್ಲಿನವರು ಎರಡು ಸಲ ಫೋನು ಮಾಡಿದರು. ಮೊದಲ ಸಲ, ಬಾರಿಸುವವರಿಗೆ ಆರಾಮಿಲ್ಲ ಎಂದೆ. ಎರಡನೆಯ ಸಲ ಎತ್ತಲೇ ಇಲ್ಲ. ಕಾಕಾ ಮನಸ್ಸು ಮಾಡಿ ಯಾರದಾದರೂ ಮಣ್ಣಿಗೆ ಡೋಲು ಹಿಡಿದಾನು ಎಂದು ದೇವದುರ್ಗದವರು ಸಿಕ್ಕಾಗಲೆಲ್ಲ ಊರ ಸುದ್ದಿ ಕೇಳುತ್ತಿದ್ದೆ. ಯಾರಾದರೂ ಹಿರಿಯರು ಹಾಸಿಗೆ ಹಿಡಿದಿದ್ದಾರೆ ಎಂದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಎಂಥ ಮನುಷ್ಯನಾದೆ ನೋಡಿ! ಆ ಹಿರಿಯರೆಲ್ಲ ಗುಣವಾಗಿ ಎದ್ದು ಓಡಾಡಿದರು, ನನ್ನ ಪುಣ್ಯ.

ಹೋದ ತಿಂಗಳು ಮಾನ್ವಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದೆ. ಗೋಡೆಯ ಟೀವಿಯಲ್ಲಿ ದೊಡ್ಡ ಮಾಸ್ತರರ ಮುಖ ಬಂತು. ಹೊಸ ಸಂದರ್ಶನ ಇರಬೇಕು ಎಂದು ಖುಷಿಯಿಂದ ತಲೆ ಎತ್ತಿದೆ. ಮುಖದ ಸುತ್ತ ಹೂವಿನ ಹಾರ ಇತ್ತು. ಕೆಳಗೆ ಅವರ ಹಾಡುಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಅವುಗಳಲ್ಲಿ ಜೋಕಾಲಿ ಹಾಡು ಇರಲಿಲ್ಲ. ತಾಟು ಹಾಗೆಯೇ ಬಿಟ್ಟು ಎದ್ದೆ. ಒಬ್ಬ ಮುದುಕ ಒಂದು ಸಲ ಕೇಳಿಸಿರಪ್ಪ ಎಂದು ಕೈಚಾಚಿದ್ದ, ಅಷ್ಟನ್ನೂ ನಾನು ಕೊಡಲಾರದೆ ಹೋದೆ.

ನಿಲ್ದಾಣ ಮುಟ್ಟುವುದರೊಳಗೆ ಫೋನು ಬಂತು. ಮೂರು ವರ್ಷದಲ್ಲಿ ಮೊದಲ ಸಲ ಹುಸೇನಪ್ಪ ಕಾಕಾ ತಾನಾಗಿ ಮಾಡಿದ್ದ. "ಟೀವಿ ನೋಡಿದೆ. ಬಾ ಇತ್ತ," ಎಂದು ಇಟ್ಟುಬಿಟ್ಟ. ಕಾಲೇಜಿಗೆ ರಜೆ ಹೇಳಿ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಹತ್ತಿದೆ. ದಾರಿಯಲ್ಲಿ ಇಯರ್‌ಫೋನು ಹಾಕಿಕೊಳ್ಳಲಿಲ್ಲ. ಪಕ್ಕದವರು ಏನೋ ಹೇಳಿದರು, ಹೂಂ ಎಂದೆ.

ನಮ್ಮ ಹಳೆಯ ಮನೆಯ ಮುಂದೆ ಕಾಕಾ ನಿಂತಿದ್ದ. ಮೈಮೇಲೆ ಕೆಂಪು ಕೋಟು, ಗುಂಡಿಗಳು ಹೊಂದುತ್ತಿರಲಿಲ್ಲ. ಹೆಗಲಿಗೆ ಡೋಲು. ಮೂರು ಗಂಟೆಯ ಬಿಸಿಲಿಗೆ ಓಣಿ ಖಾಲಿ ಇತ್ತು. ನಾನು ಫೋನು ತೆಗೆದು ರೆಕಾರ್ಡಿಗೆ ಹಚ್ಚಲು ಹೋದೆ.

"ಯಾರಿಗೆ ಕಳಸ್ತಿ ಅದನ್ನ? ಕಿಸೆದಾಗ ಇಡು," ಎಂದ.

"ಅವರ ಹೆಣ ಅಲ್ಲೆಲ್ಲೋ ಮದ್ರಾಸಿನ್ಯಾಗ ಅದ ಕಾಕಾ. ಇಲ್ಲಿ ಹೆಂಗ ಬಾರ್ಸ್ತಿ? ಕಟ್ಟು ಅದ ಅಂದಿದ್ದಿ."

"ಅವರನ್ನ ಕಳಸಾಕ ಅಲ್ಲಿ ಸಾವಿರ ಮಂದಿ ಅದಾರ," ಎಂದ ಕಾಕಾ. ನಮ್ಮ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದ. "ನಮ್ಮ ಮಾಸ್ತರ ಮೂರು ವರ್ಷ ಆತು, ಇಲ್ಲೇ ಬಾಗಲದಾಗ ನಿಂತಾನ. ಅವನನ್ನ ಕಳಿಸಿ ಬರೋಣು, ನಡಿ."

ನಾನು ಫೋನು ಕಿಸೆಗೆ ಹಾಕಿದೆ. ಚಪ್ಪಲಿ ಬಿಟ್ಟು ಅವನ ಹಿಂದೆ ನಿಂತೆ.

ಅವನು ಹೊಡೆದ. ಒಂದು ಪೆಟ್ಟು, ತಡೆದು ಇನ್ನೊಂದು, ಆಮೇಲೆ ಎರಡು ಸಣ್ಣವು. ಎಪ್ಪತ್ತು ದಾಟಿದ ಕೈ, ಆದರೂ ಎಲ್ಲೂ ಅವಸರ ಮಾಡಲಿಲ್ಲ. ನಾಲ್ಕು ಸುತ್ತು ಆದ ಮೇಲೆ ಕ್ಲಾರಿನೆಟ್ ಏಳುವ ಜಾಗ ಬಂತು. ಅಲ್ಲಿ ಯಾರೂ ಇರಲಿಲ್ಲ. ಡೋಲು ಅಪ್ಪನಿಗೆ ಜಾಗ ಬಿಟ್ಟುಕೊಂಡು ಹಾಗೆಯೇ ಮುಂದೆ ಹೋಯಿತು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಮತ್ತೆ ಆ ಜಾಗ ಬಂದಾಗ ನಾನು ಬಾಯಿ ತೆರೆದೆ. ನನಗೆ ಹಾಡಲು ಬರುವುದಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಮಾಸ್ತರರು ನನ್ನನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಮಾತಿಲ್ಲದೆ, ಬರೀ ಆ ರಾಗವನ್ನು, ಒಡಕು ದನಿಯಲ್ಲಿ ಎಳೆದೆ. ಕಾಕಾ ಹಿಂತಿರುಗಿ ನೋಡಲಿಲ್ಲ, ಪೆಟ್ಟು ಮಾತ್ರ ಸ್ವಲ್ಪ ಮೆಲ್ಲಗೆ ಮಾಡಿ ನನಗೆ ದಾರಿ ಕೊಟ್ಟ.

ಓಣಿ ದಾಟಿ ಬಜಾರಿಗೆ ಬಂದೆವು. ನಮ್ಮ ಕಡೆ ಮಣ್ಣಿನ ಮೆರವಣಿಗೆ ಬಂದರೆ ಅಂಗಡಿಯವರು ಎದ್ದು ನಿಲ್ಲುತ್ತಾರೆ. ಹಳೆಯ ಮಂದಿಗೆ ಡೋಲಿನ ಪೆಟ್ಟು ಗುರುತು ಸಿಕ್ಕಿತು. ಒಬ್ಬಳು ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಿರಾಣಿ ಅಂಗಡಿಯ ಶೆಟ್ಟರು ಮೆಟ್ಟಿಲಿಳಿದು ಬಂದು, ಚಪ್ಪಲಿ ಬಿಟ್ಟು, ಹೆಣ ಎಲ್ಲಿದೆ ಎಂದು ನಮ್ಮ ಹಿಂದೆ ಖಾಲಿ ರಸ್ತೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಯಾರ್ರೀ ತೀರಿಕೊಂಡಾರ?" ಎಂದು ಮೆಲ್ಲಗೆ ಕೇಳಿದರು.

"ನಮ್ಮಪ್ಪ ರೀ," ಎಂದೆ. "ಬ್ಯಾಂಡಿನ್ಯಾಗ ಕ್ಲಾರಿನೆಟ್ ಊದತಿದ್ದ."